ಬೆಳ್ಳುಳ್ಳಿ ಸಿದ್ದಪ್ಪನವರ ಮನೆಯವರು

ಶಿವನಿಯಲ್ಲಿ ರೈಲಿಳಿದು ಕರಿಸಿದ್ದಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಯಾವ ಕರಿಸಿದ್ದಪ್ಪ ಎಂದು ಮುಖ ನೋಡುತ್ತಾರೆ. ಬೆಳ್ಳುಳ್ಳಿ ಸಿದ್ದಪ್ಪ ಎಂದರೆ ಮಾತ್ರ ಸ್ಟೇಷನ್ ಹತ್ತಿರದ ಟೀ ಅಂಗಡಿಯ ಓಂಕಾರೇಶ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಏನ್ ತೊಂದ್ರೆ? ಗ್ಯಾಸಾ, ಬಿ.ಪಿ.ನಾ?" ಎಂದು ವಿಚಾರಿಸಿಕೊಂಡೇ ದಾರಿ ತೋರಿಸುತ್ತಾನೆ. ಅಲ್ಲಿಗೆ ನಿಮ್ಮ ರೋಗ ಅರ್ಧ ಊರಿಗೆ ಗೊತ್ತಾಯಿತು. ಉಳಿದರ್ಧ ಊರಿಗೆ ಸಿದ್ದಪ್ಪನವರೇ ಜಗಲಿಯ ಮೇಲೆ ಕೂತು ತಿಳಿಸುತ್ತಾರೆ.

ಇಷ್ಟು ದೊಡ್ಡ ಮನುಷ್ಯರ ಹೆಂಡತಿಗೂ ಒಂದು ಹೆಸರಿದೆ, ವಿಶಾಲಾಕ್ಷಮ್ಮ. ಓಟಿನ ದಿನ ಶಾಲೆಯಲ್ಲಿ ಕೂಗುವಾಗ ಬಿಟ್ಟರೆ ಆ ಹೆಸರಿಗೆ ಊರಿನಲ್ಲಿ ಬೇರೆ ಕೆಲಸವಿಲ್ಲ. ಮದುವೆಯಾಗಿ ಬಂದಾಗ ಸೊಸೆ, ಮಗಳು ಹುಟ್ಟಿದಾಗ ಮಾಯಾಳ ಅಮ್ಮ, ಆ ಮಗಳನ್ನು ಕಡೂರಿಗೆ ಕೊಟ್ಟ ಮೇಲೆ 'ಬೆಳ್ಳುಳ್ಳಿ ಸಿದ್ದಪ್ಪನೋರ ಮನೆಯೋರು'. ಸಿದ್ದಪ್ಪನವರು ಜಗಲಿಯ ಮೇಲೆ ಬೆಳ್ಳುಳ್ಳಿಯ ಗುಣ ಹೇಳುತ್ತಾರೆ, ಇವರು ಒಳಗೆ ಬೆಳ್ಳುಳ್ಳಿ ಸುಲಿಯುತ್ತಾರೆ. ದುಡಿಮೆಯನ್ನು ಇಷ್ಟು ಸಮವಾಗಿ ಹಂಚಿಕೊಂಡ ದಂಪತಿಗಳು ಅಜ್ಜಂಪುರ ತಾಲ್ಲೂಕಿನಲ್ಲಿಯೇ ಇಲ್ಲ.

ಸಿದ್ದಪ್ಪನವರ ವೈದ್ಯದಲ್ಲಿ ಗೊಂದಲವೇ ಇರಲಿಲ್ಲ. ರೋಗ ಎಷ್ಟು ಬಗೆಯದಾದರೂ ಔಷಧ ಒಂದೇ. ನೆಗಡಿಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ವಾಯುವಿಗೆ ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿ, ಬಿ.ಪಿ.ಗೆ ಹಸಿ ಬೆಳ್ಳುಳ್ಳಿ, ಯಾವ ರೋಗ ಎಂದು ಗೊತ್ತಾಗದಿದ್ದರೆ ಎರಡು ಎಸಳು ಹೆಚ್ಚಿಗೆ. ಎಲ್ಲವೂ ಸುಳ್ಳು ಎನ್ನುವ ಹಾಗೂ ಇರಲಿಲ್ಲ. ಬೆಳ್ಳುಳ್ಳಿ ಸಾರು ಕುಡಿದು ನೆಗಡಿ ಹಗುರವಾಯಿತು ಎಂದವರಿದ್ದರು. ನೆಗಡಿ ಸಾರು ಕುಡಿಯದಿದ್ದರೂ ವಾರಕ್ಕೆ ಹೋಗುತ್ತಿತ್ತು ಎಂದು ಜಗಲಿಯ ಮೇಲೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೇ.

ಹಿಂದಿನ ಬೀದಿಯ ಈಶ್ವರಮ್ಮನಿಗೆ ಒಮ್ಮೆ ಬಲಗಡೆಯ ದವಡೆ ಹಲ್ಲು ನೋಯುತ್ತಿತ್ತು. ಬಲಗಡೆ ಹಲ್ಲಿಗೆ ಎಡಗೈ ಎಂದು ಸಿದ್ದಪ್ಪನವರು ತೀರ್ಪು ಕೊಟ್ಟು, ಹಸಿ ಬೆಳ್ಳುಳ್ಳಿ ಜಜ್ಜಿಸಿ, ಮಣಿಕಟ್ಟಿಗೆ ಬಟ್ಟೆ ಸುತ್ತಿ ಕಟ್ಟಿಸಿದರು. ಬೆಳಗಾಗುವಷ್ಟರಲ್ಲಿ ಮಣಿಕಟ್ಟಿನ ಮೇಲೆ ನಿಂಬೆಹಣ್ಣಿನ ಗಾತ್ರದ ಬೊಬ್ಬೆ. "ನೋಡಿದ್ರಾ, ಹಲ್ಲಿನ ವಿಷ ಎಲ್ಲಾ ಕೈಗಿಳಿದು ಹೊರಗ್ ಬಂದ್ಬಿಡ್ತು" ಎಂದರು ಸಿದ್ದಪ್ಪನವರು. ಈಶ್ವರಮ್ಮ ಹೌದೆಂದು ತಲೆಯಾಡಿಸಿದಳು, ಏಕೆಂದರೆ ಆ ಉರಿಯ ಮುಂದೆ ಹಲ್ಲುನೋವು ನೆನಪಿಗೇ ಬರುತ್ತಿರಲಿಲ್ಲ. ಹಲ್ಲನ್ನು ಆಮೇಲೆ ಅಜ್ಜಂಪುರದಲ್ಲಿ ಕೀಳಿಸಿದರು. ಮಣಿಕಟ್ಟಿನ ಕಲೆ ಉಳಿಯಿತು, ಸಿದ್ದಪ್ಪನವರ ಕೀರ್ತಿಯೂ ಉಳಿಯಿತು.

ಈ ಕೀರ್ತಿಯ ಬುನಾದಿ ಎಲ್ಲಿದೆ ಎಂದು ಗೊತ್ತಿದ್ದವರು ಶಿವನಿಯಲ್ಲಿ ಒಬ್ಬರೇ. ಅವರು ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಮೂರು ವರ್ಷದ ಹಿಂದೆ ಸಿದ್ದಪ್ಪನವರು ತೆಂಗಿನ ತೋಟದಲ್ಲಿ ತಲೆ ಸುತ್ತಿ ಕೂತುಬಿಟ್ಟಿದ್ದರು. ತರೀಕೆರೆಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರ್ ಶರ್ಮಿಳಾ ತೋಳಿಗೆ ಪಟ್ಟಿ ಸುತ್ತಿ ನೋಡಿ, ಇನ್ನೊಮ್ಮೆ ನೋಡಿ, ಬಿ.ಪಿ. ವಿಪರೀತ ಇದೆ, ದಿನಾ ಒಂದು ಮಾತ್ರೆ ತಗೊಳ್ಳಲೇಬೇಕು ಎಂದರು. ಸಿದ್ದಪ್ಪನವರು ಚೀಟಿ ಮಡಿಸಿ ಜೇಬಿಗಿಟ್ಟು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಸಿದ್ಧಾಂತ ಸಿದ್ಧವಾಗಿತ್ತು.

"ಒಂದ್ಸಲ ಮಾತ್ರೆ ಹಿಡುದ್ರೆ ಸಾಯೋಗಂಟ ಬಿಡಂಗಿಲ್ಲ ಕಣೇ. ನಮ್ಮಪ್ಪ ಮಾತ್ರೆ ಮುಖ ನೋಡಿದ್ನಾ? ದಿನಾ ಬೆಳ್ಳುಳ್ಳಿ ಅಗಿದು ಬದುಕ್ಲಿಲ್ವಾ?"

ಮಾವನವರು ದಿನಾ ಬೆಳಗ್ಗೆ ಹೊಲದಲ್ಲಿ ಗುದ್ದಲಿಯನ್ನೂ ಹಿಡಿಯುತ್ತಿದ್ದರು, ಮಗ ಜಗಲಿಯನ್ನು ಮಾತ್ರ ಹಿಡಿದಿದ್ದಾನೆ ಎಂಬ ಮಾತು ವಿಶಾಲಾಕ್ಷಮ್ಮನ ಬಾಯಿಗೆ ಬಂದು ಹಾಗೇ ಒಳಗೆ ಹೋಯಿತು. ಅಂದಿನಿಂದ ಸಿದ್ದಪ್ಪನವರ ಬೆಳಗಿನ ಬೆಳ್ಳುಳ್ಳಿ ಶುರುವಾಯಿತು. ಒಂದೇ ಎಸಳಿನ ಗುಂಡು ಬೆಳ್ಳುಳ್ಳಿಯೇ ಆಗಬೇಕು, ಕಲ್ಲಿನಲ್ಲಿಯೇ ಜಜ್ಜಬೇಕು, ಜೇನುತುಪ್ಪದಲ್ಲಿ ಕಲಸಿ ಹೆಂಡತಿಯೇ ಚಮಚದಲ್ಲಿ ಕೊಡಬೇಕು. ಒಂದು ತಿಂಗಳು ತಿಂದರು. ಮತ್ತೆ ತರೀಕೆರೆಯಲ್ಲಿ ತೋರಿಸಿದಾಗ ಬಿ.ಪಿ. ಒಂದು ಚೂರು ಇಳಿದಿತ್ತು, ಆದರೆ ಇಳಿಯಬೇಕಾದಲ್ಲಿಗೆ ಹತ್ತಿರವೂ ಇರಲಿಲ್ಲ. "ಇಳೀತಲ್ಲಾ!" ಎಂದು ಸಿದ್ದಪ್ಪನವರು ಗೆದ್ದರು. ಡಾಕ್ಟರು ವಿಶಾಲಾಕ್ಷಮ್ಮನನ್ನು ಹಿಂದೆ ನಿಲ್ಲಿಸಿಕೊಂಡು, "ಹೀಗೇ ಬಿಟ್ರೆ ಒಂದಿನ ಮಾತು ಬಿದ್ದು, ಕೈಕಾಲು ಬಿದ್ದುಹೋಗುತ್ತೆ ಅಮ್ಮಾ" ಎಂದು ಒಂದು ತಿಂಗಳ ಮಾತ್ರೆ ಕೈಗಿಟ್ಟರು.

ಮಾತು ಬಿದ್ದ ಸಿದ್ದಪ್ಪನವರು! ವಿಶಾಲಾಕ್ಷಮ್ಮ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನು ಕಲ್ಪಿಸಿಕೊಂಡರು. ಒಂದು ಕ್ಷಣ ಮನೆ ಎಷ್ಟು ನೆಮ್ಮದಿಯಾಗಿರಬಹುದು ಅನ್ನಿಸಿತು. ಮರುಕ್ಷಣವೇ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡರು. ಬೈದರೂ, ಬೀಗಿದರೂ, ಆ ಮನುಷ್ಯ ಜಗಲಿಯ ಮೇಲೆ ಗಟ್ಟಿಯಾಗಿ ಮಾತಾಡುತ್ತಿದ್ದರೇನೇ ಅವರಿಗೆ ಒಳಗೆ ರೊಟ್ಟಿ ತಟ್ಟಲು ಕೈ ಬರುತ್ತಿದ್ದುದು.

ಮಾರನೆಯ ಬೆಳಗ್ಗೆ ಕಲ್ಲಿನಲ್ಲಿ ಬೆಳ್ಳುಳ್ಳಿಯ ಜೊತೆಗೆ ಒಂದು ಬಿಳಿ ಮಾತ್ರೆಯೂ ನುಣ್ಣಗಾಯಿತು.

"ಏನೇ ಇದು, ಒಗರು ಒಗರು?"

"ನಾಟಿ ಬೆಳ್ಳುಳ್ಳಿ ಕಣ್ರೀ. ತರೀಕೆರೆ ಸಂತೇದು. ಗುಣ ಜಾಸ್ತಿಯಂತೆ."

ಮುಂದಿನ ತಿಂಗಳು ಡಾಕ್ಟರು ಪಟ್ಟಿ ಸುತ್ತಿ ನೋಡಿ, ಬಹಳ ಚೆನ್ನಾಗಿದೆ, ಏನು ಮಾಡ್ತಿದ್ದೀರೋ ಅದನ್ನೇ ಮುಂದುವರಿಸಿ ಎಂದುಬಿಟ್ಟರು. ಪಾಪ, ಚೀಟಿಯ ಮಾತ್ರೆ ಎಂದು ತಿಳಿದು ಆಡಿದ ಮಾತು. ತರೀಕೆರೆಯ ದೊಡ್ಡ ಡಾಕ್ಟರೇ ಬೆಳ್ಳುಳ್ಳಿಗೆ ಸರ್ಟಿಫಿಕೇಟ್ ಕೊಟ್ಟರು ಎಂಬ ಸುದ್ದಿ ಸಿದ್ದಪ್ಪನವರಿಗಿಂತ ಮೊದಲೇ ಶಿವನಿ ತಲುಪಿತು. ವಾರದೊಳಗೆ ಅವರು ಬಿ.ಪಿ. ನೋಡುವ ಮಿಷನ್ ತಂದು ಜಗಲಿಯ ಮೇಲಿಟ್ಟರು. ಇನ್ನು ತರೀಕೆರೆಗೆ ಹೋಗುವುದು ದಂಡ ಎಂದು ತಾವೇ ತಮ್ಮನ್ನು ಡಿಸ್ಚಾರ್ಜ್ ಮಾಡಿಕೊಂಡರು. ಬೆಳಗಾದರೆ ತಮ್ಮ ತೋಳಿಗೆ ತಾವೇ ಪಟ್ಟಿ ಸುತ್ತಿ, ಬಂದ ಅಂಕಿಯನ್ನು ರೇಡಿಯೋದವರ ಹಾಗೆ ಓದಿ ಹೇಳುವುದು, ಕೇಳಿದವರು ಒಂದು ಹಿಡಿ ಬೆಳ್ಳುಳ್ಳಿ ಕೊಂಡು ಮನೆಗೆ ಹೋಗುವುದು, ಹೀಗೆ ನಡೆಯಿತು.

ವಿಶಾಲಾಕ್ಷಮ್ಮ ಮಾತ್ರ ಬೆಳ್ಳುಳ್ಳಿ ತರುವ ನೆಪದಲ್ಲಿ ಆಗಾಗ ತರೀಕೆರೆ ಬಸ್ಸು ಹತ್ತುತ್ತಿದ್ದರು. ಅಜ್ಜಂಪುರದಲ್ಲಿ ಔಷಧಿ ಅಂಗಡಿ ಇರಲಿಲ್ಲವೆಂದಲ್ಲ. ಅಲ್ಲಿ ಮಾತ್ರೆ ಕೊಂಡರೆ ಇವರು ವಾಪಸ್ ಬಸ್ಸು ಹತ್ತುವ ಮೊದಲೇ ಸುದ್ದಿ ಹತ್ತಿರುತ್ತಿತ್ತು. ಮೊದಲ ಸಲ ಒಬ್ಬರೇ ಹೋದಾಗಲೇ ಡಾಕ್ಟರ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟರು. ಡಾಕ್ಟರ್ ಶರ್ಮಿಳಾ ನಗುತ್ತಾರೆಂದುಕೊಂಡಿದ್ದರು, ಅವರು ನಗಲಿಲ್ಲ.

"ತಪ್ಪು ಅಮ್ಮಾ. ದೊಡ್ಡ ಮನುಷ್ಯರಿಗೆ ಹೇಳದೆ ಕೇಳದೆ ಔಷಧಿ ಕೊಡಬಾರದು. ಎಲ್ಲ ಮಾತ್ರೆಯನ್ನೂ ಪುಡಿ ಮಾಡೋ ಹಾಗಿಲ್ಲ, ಇದೇನೋ ನಡೆಯುತ್ತೆ, ನಿಮ್ಮ ಅದೃಷ್ಟ. ನಾಳೆ ಅವರಿಗೆ ಬೇರೆ ಏನಾದ್ರೂ ಆಗಿ ಬೇರೆ ಡಾಕ್ಟರ ಹತ್ರ ಹೋದ್ರೆ, ಯಾವ ಮಾತ್ರೆಯೂ ಇಲ್ಲ ಅಂತಾರೆ. ಆಗ?"

"ಬೆಳ್ಳುಳ್ಳಿಯಿಂದ ಏನೂ ಆಗಲ್ವಾ ಡಾಕ್ಟ್ರಮ್ಮಾ?"

"ಯಾರು ಹೇಳಿದ್ರು? ಒಳ್ಳೇದೇ. ಸಾರಿಗೆ ಹಾಕಿ, ಚಟ್ನಿಗೆ ಹಾಕಿ. ಬಿ.ಪಿ.ನೂ ಸ್ವಲ್ಪ ಇಳಿಸಬಹುದು, ಕೊಬ್ಬೂ ಸ್ವಲ್ಪ ಇಳಿಸಬಹುದು. ಆ ಸ್ವಲ್ಪವನ್ನ ನಂಬಿ ಮಾತ್ರೆ ಬಿಡೋ ಹಾಗಿಲ್ಲ. ಹಸೀದು ಜಾಸ್ತಿ ತಿಂದ್ರೆ ಎದೆ ಉರಿ, ಹೊಟ್ಟೆ ಉರಿ. ಚರ್ಮಕ್ಕೆ ಕಟ್ಟಿದ್ರೆ ಸುಡುತ್ತೆ. ಇನ್ನೊಂದು ನೆನಪಿಟ್ಟುಕೊಳ್ಳಿ, ರಕ್ತವನ್ನೂ ತೆಳು ಮಾಡುತ್ತೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಹಲ್ಲು ಕೀಳಿಸೋರು, ಆಪರೇಷನ್ ಇರೋರು, ಇವರೆಲ್ಲ ಹಸಿ ಬೆಳ್ಳುಳ್ಳಿ ಮುಕ್ಕೋ ಮೊದಲು ಡಾಕ್ಟರನ್ನ ಕೇಳಬೇಕು. ಮದ್ದು ಅಂದ ಮೇಲೆ ಅದು ಕೆಲಸ ಮಾಡುತ್ತೆ ಅಮ್ಮಾ, ನಮಗೆ ಬೇಕಾದ ಕೆಲಸ ಮಾತ್ರ ಮಾಡುತ್ತೆ ಅಂತ ಹೇಗೆ ಅಂದ್ಕೊಂಡ್ರಿ?"

ಯಜಮಾನರಿಗೆ ಹೇಳಿಬಿಡಿ, ಒಮ್ಮೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಪ್ರತಿ ಸಲವೂ ಹೇಳಿದರು. ಹೇಳುತ್ತೇನೆ ಎಂದು ವಿಶಾಲಾಕ್ಷಮ್ಮ ಪ್ರತಿ ಸಲವೂ ಹೇಳಿದರು. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಸಿಟ್ಟಿಗೆದ್ದು ಮಾತ್ರೆಯನ್ನೂ ಬಿಡುತ್ತಾರೆ, ತನ್ನ ಕೈಯ ಊಟವನ್ನೂ ಬಿಡುತ್ತಾರೆ ಎಂಬ ಭಯ. ಖಾಲಿಯಾದ ಮಾತ್ರೆಯ ಹಾಳೆಗಳನ್ನೂ ಅದಕ್ಕೇ ಬಿಸಾಕುತ್ತಿರಲಿಲ್ಲ. ತಿಪ್ಪೆಗೆ ಹಾಕಿದರೆ ಕೊಳೆಯುವುದಿಲ್ಲ, ಗೊಬ್ಬರ ಹೊಡೆದಾಗ ಹೊಲದಲ್ಲಿ ಮಿರಮಿರ ಮಿಂಚುತ್ತವೆ. ಒಲೆಗೆ ಹಾಕಿದರೆ ನಾತ. ಅಕ್ಕಿ ಡ್ರಮ್ಮಿನ ಹಿಂದೆ ಒಂದು ಹಳೆಯ ಹಿಟ್ಟಿನ ಡಬ್ಬ ಇತ್ತು, ಅದರೊಳಗೆ ಹೋಗುತ್ತಿದ್ದವು.

ಎಲ್ಲಕ್ಕಿಂತ ಕಷ್ಟ ಶ್ರಾವಣದಲ್ಲಿ. ಸಿದ್ದಪ್ಪನವರದು ಮಠದ ಒಕ್ಕಲಿನ ಮನೆ. ಅಜ್ಜನ ಕಾಲದಿಂದ ಬಂದ ನೇಮ, ಶ್ರಾವಣ ಮಾಸವಿಡೀ ಈರುಳ್ಳಿ ಬೆಳ್ಳುಳ್ಳಿ ಹೊಸ್ತಿಲು ದಾಟುವಂತಿಲ್ಲ. ಬೆಳ್ಳುಳ್ಳಿಯೇ ಇಲ್ಲದ ಮೇಲೆ ಮಾತ್ರೆ ಅಡಗುವುದೆಲ್ಲಿ? ಪೂಜೆ ಮುಗಿಸಿ ಎದ್ದವರು ಕುಡಿಯುವ ಬೆಲ್ಲದ ಹಾಲಿನಲ್ಲಿ. ಆ ಹಾಲು ಮೊದಲು ನೈವೇದ್ಯಕ್ಕೆ ಇಡುವ ಹಾಲು. ವಿಶಾಲಾಕ್ಷಮ್ಮ ನೈವೇದ್ಯ ಆದ ಮೇಲೆಯೇ ಪುಡಿ ಬೆರೆಸುತ್ತಿದ್ದರು, ಶಿವನಿಗೆ ಬಿ.ಪಿ. ಇಲ್ಲ, ಸುಮ್ಮನೆ ಅವನಿಗೇಕೆ ಮಾತ್ರೆ.

ಬೆಳ್ಳುಳ್ಳಿ ಬಿಟ್ಟ ಶ್ರಾವಣದಲ್ಲಿಯೂ ಜಗಲಿಯ ಮಿಷನ್ ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು. ಓಂಕಾರೇಶ ಒಮ್ಮೆ ಕೇಳಿಯೂ ಕೇಳಿದ, "ಅಲ್ಲ ಸಿದ್ದಪ್ಪಣ್ಣಾ, ಈಗ ಬೆಳ್ಳುಳ್ಳಿ ತಿಂತಿಲ್ವಲ್ಲ?"

"ಕೆರೆ ತುಂಬಿದ್ರೆ ಒಂದ್ ತಿಂಗ್ಳು ಮಳೆ ಬರ್ದೆ ಇದ್ರೂ ನಡೆಯಲ್ವೇನೋ? ಹಂಗೇಯ. ವರ್ಷೊಪ್ಪತ್ತು ತಿಂದಿದ್ದು ರಕ್ತದಲ್ಲಿ ನಿಂತಿರ್ತದೆ."

ಒಳಗೆ ಲೋಟ ತೊಳೆಯುತ್ತಿದ್ದ ವಿಶಾಲಾಕ್ಷಮ್ಮನಿಗೆ ನಗು ಬಂತು. ಆಗ ಅದು ನಗುವ ವಿಷಯವೇ ಆಗಿತ್ತು.

ಅವರಿಗೆ ರುದ್ರಮೂರ್ತಿ ಎಂಬ ತಮ್ಮನಿದ್ದಾನೆ. ಸಿಂಗಟಗೆರೆಯಲ್ಲಿ ತೆಂಗಿನ ತೋಟ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು, ಅಕ್ಕನೇ ಸೊಂಟದ ಮೇಲೆ ಹೊತ್ತು ಸಾಕಿದ್ದು. ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವನಿಗೆ ಎದೆನೋವು ಬಂದು ಶಿವಮೊಗ್ಗದಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ರಕ್ತ ತೆಳುವಾಗಿ ಹರಿಯಲು ಮಾತ್ರೆ ಕೊಟ್ಟಿದ್ದೇವೆ, ನಮ್ಮನ್ನು ಕೇಳದೆ ಒಂದು ದಿನವೂ ಬಿಡಕೂಡದು, ಬಿಟ್ಟರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟೀತು ಎಂದು ಅಲ್ಲಿನ ಡಾಕ್ಟರು ಹೇಳಿದಾಗ ವಿಶಾಲಾಕ್ಷಮ್ಮ ಮಂಚದ ಪಕ್ಕದಲ್ಲಿಯೇ ನಿಂತಿದ್ದರು. ಸಿದ್ದಪ್ಪನವರು ಅಲ್ಲಿರಲಿಲ್ಲ. ಹೊರಗೆ ವಾಚ್‌ಮನ್‌ಗೆ ಬೆಳ್ಳುಳ್ಳಿಯ ಗುಣ ಹೇಳುತ್ತಿದ್ದರು.

ಆಷಾಢದಲ್ಲಿ ರುದ್ರಮೂರ್ತಿ ಅಕ್ಕನನ್ನು ನೋಡಲು ಬಂದ. ವಿಶಾಲಾಕ್ಷಮ್ಮ ಮಜ್ಜಿಗೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಭಾವ ವೈದ್ಯ ಮುಗಿಸಿದ್ದರು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಹಿಡಿ ಹಸಿ ಬೆಳ್ಳುಳ್ಳಿ. ತಮಗೆ ಒಂದೇ ಎಸಳು, ಹೆಂಡತಿಯ ತಮ್ಮನಿಗೆ ಒಂದು ಹಿಡಿ! ಬಾಮೈದನ ಮೇಲಿನ ಪ್ರೀತಿ ಎಂದರೆ ಹಾಗಿರಬೇಕು.

"ಬೇಡ ಕಣೋ ರುದ್ರಾ, ನಿನ್ ಮಾತ್ರೆಗೂ ಅದಕ್ಕೂ ಆಗ್ಬರಲ್ಲ" ಎಂದು ವಿಶಾಲಾಕ್ಷಮ್ಮ ಬಸ್ಸು ಹತ್ತಿಸುವಾಗ ಹೇಳಿದರು.

"ನಿಂಗೇನ್ ಗೊತ್ತಾಗ್ತದಕ್ಕಾ? ಭಾವನ್ನ ನೋಡು, ಒಂದ್ ಮಾತ್ರೆ ಇಲ್ದೆ ಹೆಂಗವ್ರೆ, ಕಲ್ಲುಗುಂಡಿನಂಗೆ!"

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಅಕ್ಕನ ಮಾತು. ಬಸ್ಸು ಹೊರಟಿತು. ಕಲ್ಲುಗುಂಡನ್ನು ಕಡೆದ ಕೈ ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿತ್ತು.

ಶ್ರಾವಣ ಬಂತು. ರುದ್ರಮೂರ್ತಿ ಫೋನು ಮಾಡಿ ಈಗ ಬೆಳ್ಳುಳ್ಳಿ ಬಿಡಬೇಕಾ ಎಂದು ಕೇಳಿದ್ದಕ್ಕೆ ಸಿದ್ದಪ್ಪನವರು, "ರೋಗಿಗೆ ವ್ರತ ಇಲ್ಲ ಕಣಯ್ಯಾ, ನೀನು ಮುಂದುವರ್ಸು" ಎಂದು ಅಪ್ಪಣೆ ಕೊಡಿಸಿದರು. ತಾವು ಬಿಟ್ಟಿದ್ದರು, ಏಕೆಂದರೆ ತಾವು ರೋಗಿಯೇ ಅಲ್ಲವಲ್ಲ.

ಒಂದು ಬೆಳಗ್ಗೆ ರುದ್ರಮೂರ್ತಿಯ ಹೆಂಡತಿ ಸಂಗೀತಾಳ ಫೋನು ಬಂತು. "ಅತ್ಗೆ, ಮೊನ್ನೆ ಇವ್ರಿಗೆ ಮೂಗಲ್ಲಿ ರಕ್ತ ಬಂದ್ಬಿಡ್ತು. ಟವೆಲ್ ಎಲ್ಲಾ ಒದ್ದೆಯಾದ್ರೂ ನಿಲ್ಲಿಲ್ಲ. ಹಲ್ಲುಜ್ಜಿದ್ರೂ ಒಸಡಲ್ಲಿ ರಕ್ತ. ನಿಮ್ಮನೆಯೋರ್ಗೆ ಕೇಳಿದ್ರಂತೆ. ಕೆಟ್ಟ ರಕ್ತ ಹೋಗ್ತಿದೆ, ಹೋಗ್ಲಿ ಬಿಡು ಅಂದ್ರಂತೆ. ಇವ್ರು ಇಂಗ್ಲಿಷ್ ಮಾತ್ರೆ ಉಷ್ಣ ಅಂತ ಅದನ್ನೇ ನಿಲ್ಸವ್ರೆ. ನಿನ್ನೇನೂ ತಗೊಂಡಿಲ್ಲ, ಇವತ್ತೂ ತಗೊಂಡಿಲ್ಲ. ಬೆಳ್ಳುಳ್ಳಿ ಮಾತ್ರ ಬಿಟ್ಟಿಲ್ಲ. ನಾನ್ ಹೇಳಿದ್ರೆ ಕೇಳಲ್ಲ. ಈಗ ಕಡೂರಿಗೋಗಿ ರೈಲು ಹತ್ತವ್ರೆ, ನಿಮ್ಮಲ್ಲಿಗೇ ಬತ್ತಾವ್ರೆ."

ವಿಶಾಲಾಕ್ಷಮ್ಮ ಹಿತ್ತಲಿಗೆ ಹೋಗಿ ಡಾಕ್ಟರ್ ಶರ್ಮಿಳಾಗೆ ಫೋನು ಮಾಡಿದರು. ಡಾಕ್ಟರು ಒಂದೇ ಉಸಿರಿನಲ್ಲಿ ಹೇಳಿದರು, ನಿಲ್ಲಿಸಬೇಕಾದ್ದು ಬೆಳ್ಳುಳ್ಳಿ, ಅವರು ನಿಲ್ಲಿಸಿದ್ದು ಮಾತ್ರೆ. ಶಿವಮೊಗ್ಗದ ಡಾಕ್ಟರಿಗೆ ನಾನು ಮಾತಾಡ್ತೀನಿ, ಇವತ್ತೇ ಅಲ್ಲಿಗೆ ಕರೆದುಕೊಂಡು ಹೋಗಿ, ನಾಳೆ ಅನ್ನಬೇಡಿ.

ರುದ್ರಮೂರ್ತಿ ಬಂದಾಗ ಜಗಲಿ ತುಂಬಿತ್ತು. ಓಂಕಾರೇಶನಿದ್ದ, ಈಶ್ವರಮ್ಮ ಇದ್ದಳು, ಸಿದ್ದಪ್ಪನವರು ತಮ್ಮ ತೋಳಿನ ಪಟ್ಟಿ ಬಿಚ್ಚಿ ಅವತ್ತಿನ ಅಂಕಿ ಓದಿಯಾಗಿತ್ತು. ತಮ್ಮನ ಮುಖ ಬಿಳಿಚಿಕೊಂಡಿತ್ತು. ಮೂಗಿನ ಹೊಳ್ಳೆಯ ಬಳಿ ಒಣಗಿದ ಕಪ್ಪು ಕಲೆ. ಆದರೂ ಭಾವನ ಪಕ್ಕದಲ್ಲಿ ಕೂತು ಬೀಗುತ್ತಿದ್ದ.

"ಮಾತ್ರೆ ಬಿಟ್ಟೆ ಭಾವಾ. ಮೈ ಹಗುರಾಗದೆ."

"ಭೇಷ್!" ಎಂದರು ಸಿದ್ದಪ್ಪನವರು.

ವಿಶಾಲಾಕ್ಷಮ್ಮ ಬಾಗಿಲಲ್ಲಿ ನಿಂತು ಹೇಳಿದರು, "ರುದ್ರಾ, ಏಳು. ಡಾಕ್ಟ್ರ ಹತ್ರ ಹೋಗನ. ಕಾರಿಗೆ ಹೇಳಿದೀನಿ."

"ಏನೇ ಇದು?" ಸಿದ್ದಪ್ಪನವರಿಗೆ ನಗು. "ಈ ಹೆಂಗಸ್ರು ರಕ್ತ ಕಂಡ್ರೆ ಹೆದರ್ತಾರೆ ಕಣಯ್ಯಾ. ಲೇ, ನಾನ್ ಮೂರು ವರ್ಷದಿಂದ ಬರೀ ಬೆಳ್ಳುಳ್ಳಿಲಿ ಬದುಕಿಲ್ವೇನೇ? ನಿನ್ ಕಣ್ಣೆದುರಿಗೇ ಇಲ್ವೇನೇ ಸಾಕ್ಷಿ?"

ವಿಶಾಲಾಕ್ಷಮ್ಮ ಒಳಗೆ ಹೋದರು. ಸೋತು ಹೋದರು ಎಂದುಕೊಂಡು ಜಗಲಿ ಮಾತು ಮುಂದುವರಿಸಿತು. ಒಳಗೆ ವಿಶಾಲಾಕ್ಷಮ್ಮ ಅಕ್ಕಿ ಡ್ರಮ್ಮಿನ ಹಿಂದೆ ಬಗ್ಗಿದ್ದರು. ಒಂದು ಕಡೆ ಗಂಡ, ಒಂದು ಕಡೆ ತಮ್ಮ. ಈಗ ಬಾಯಿ ಬಿಟ್ಟರೆ ನಾಳೆಯಿಂದ ಗಂಡ ಮಾತ್ರೆ ಮುಟ್ಟುವುದಿಲ್ಲ. ಬಿಡದಿದ್ದರೆ ತಮ್ಮ ನಾಳೆ ನೋಡುವುದೇ ಇಲ್ಲವೋ ಏನೋ. ಶಿವನೇ, ಇಷ್ಟು ವರ್ಷ ನಿನ್ನ ಹಾಲಿಗೆ ಮೋಸ ಮಾಡಲಿಲ್ಲ, ಈಗ ನನಗೆ ಬಾಯಿ ಕೊಡು ಎಂದುಕೊಂಡರು.

ಹಿಟ್ಟಿನ ಡಬ್ಬವನ್ನು ಜಗಲಿಗೆ ತಂದು, ಗಂಡನ ಮುಂದೆ, ಮಿಷನ್ನಿನ ಪಕ್ಕದಲ್ಲಿಯೇ ಬೋರಲು ಹಾಕಿದರು. ಖಾಲಿ ಹಾಳೆಗಳು ಸರಸರ ಸುರಿದು, ಜಗಲಿಯ ತುಂಬ ಹರಡಿ, ಒಂದೆರಡು ಈಶ್ವರಮ್ಮನ ಮಡಿಲಿಗೂ ಬಿದ್ದವು.

"ಇಗಳ್ರಿ ನಿಮ್ ಬೆಳ್ಳುಳ್ಳಿ."

ಯಾರಿಗೂ ಅರ್ಥವಾಗಲಿಲ್ಲ.

"ಆ ತರೀಕೆರೆ ಡಾಕ್ಟ್ರು ಬರ್ದುಕೊಟ್ಟ ಮಾತ್ರೆ. ದಿನಾ ಜಜ್ಜಿ ಬೆಳ್ಳುಳ್ಳಿ ಜೊತೆ ಜೇನುತುಪ್ಪದಲ್ಲಿ ತಿನ್ಸಿದೀನಿ. ಶ್ರಾವಣದಲ್ಲಿ ಹಾಲಲ್ಲಿ ಹಾಕಿದೀನಿ. ಇವತ್ತು ಬೆಳಿಗ್ಗೆನೂ ಹಾಕಿದೀನಿ. ಕೆರೆ ತುಂಬಿತ್ತಂತೆ ಕೆರೆ! ತುಂಬಿದ್ದು ನಾನು ಕಣ್ರೀ. ಬೈಯೋದಾದ್ರೆ ಆಮೇಲೆ ಬೈರಿ. ರುದ್ರಾ, ನೀನು ಇವರನ್ನ ನೋಡಿ ತಾನೇ ಮಾತ್ರೆ ಬಿಟ್ಟಿದ್ದು? ಈಗ ನೋಡು, ಚೆನ್ನಾಗಿ ನೋಡು!"

ಮದುವೆಯಾಗಿ ಬಂದ ಮೇಲೆ ಆ ಜಗಲಿಯ ಮೇಲೆ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಕೊನೆಗೆ ದನಿ ಒಡೆದು ಅಳು ಬಂತು. ರುದ್ರಮೂರ್ತಿ ಒಂದು ಹಾಳೆ ಎತ್ತಿ ತಿರುಗಿಸಿ ನೋಡಿದ. ಭಾವನ ಮುಖ ನೋಡಿದ. ಎದ್ದು ಚಪ್ಪಲಿ ಹಾಕಿಕೊಂಡ.

ಸಿದ್ದಪ್ಪನವರು ಮಾತ್ರ ಏನೂ ಹೇಳಲಿಲ್ಲ. ಮಾತು ಬೀಳುವುದು ಎಂದು ಡಾಕ್ಟರು ಹೇಳಿದ್ದು ಬಹುಶಃ ಇದೇ ಇರಬೇಕು.

ಅವತ್ತು ಸಂಜೆ ಶಿವಮೊಗ್ಗದಲ್ಲಿ ರುದ್ರಮೂರ್ತಿಯನ್ನು ದಾಖಲು ಮಾಡಿಕೊಂಡು, ಮಾತ್ರೆ ಮತ್ತೆ ಶುರು ಮಾಡಿ, ಸ್ಟೆಂಟಿಗೆ ಏನೂ ಆಗಿಲ್ಲ, ದೇವರು ದೊಡ್ಡವನು, ಆದರೆ ದಿನಾ ಅವನನ್ನು ಪರೀಕ್ಷೆ ಮಾಡಬೇಡಿ ಎಂದರು. ಸಿಂಗಟಗೆರೆಯಿಂದ ಓಡಿಬಂದ ಸಂಗೀತಾಳನ್ನು ಅಲ್ಲಿ ಬಿಟ್ಟು ವಿಶಾಲಾ‌ಕ್ಷಮ್ಮ ಮನೆಗೆ ಬಂದರೆ, ಮುಚ್ಚಿಟ್ಟು ಹೋಗಿದ್ದ ಅನ್ನ ಮುಚ್ಚಿಟ್ಟ ಹಾಗೇ ಇತ್ತು. ಸಿದ್ದಪ್ಪನವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಜಗಲಿಯ ಮೇಲಿನ ಹಾಳೆಗಳನ್ನು ಯಾರೋ ಒಟ್ಟು ಮಾಡಿ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದ್ದರು. ಮನೆಯಲ್ಲಿ ಇದ್ದವರು ಒಬ್ಬರೇ.

ಬೆಳಗ್ಗೆ ಪೂಜೆ ಮುಗಿಯಿತು. ವಿಶಾಲಾಕ್ಷಮ್ಮ ಬೆಲ್ಲದ ಹಾಲು ತಂದಿಟ್ಟರು. ಅದರ ಪಕ್ಕದಲ್ಲಿ ಒಂದು ಪುಟ್ಟ ತಟ್ಟೆಯಲ್ಲಿ ಮಾತ್ರೆ ಇಟ್ಟರು, ಪುಡಿ ಮಾಡದೆ, ಇಡಿಯಾಗಿ. ಅಡುಗೆಮನೆಗೆ ಹೋಗದೆ ಕಂಬ ಹಿಡಿದು ನಿಂತರು. ಸಿದ್ದಪ್ಪನವರು ಆ ಮಾತ್ರೆಯನ್ನು ಬಹಳ ಹೊತ್ತು ನೋಡಿದರು. ಅಷ್ಟು ವರ್ಷ ಒಳಗೇ ಇದ್ದವನ ಮುಖ ಈಗ ತಾನೇ ಕಂಡಿದ್ದಲ್ಲವೇ.

"ಮೊದ್ಲೇ ಹೇಳಿದ್ರೆ ಏನಾಗ್ತಿತ್ತು?"

"ನುಂಗ್ತಿದ್ರಾ?"

ಸಿದ್ದಪ್ಪನವರು ಹಾಲಿನ ಲೋಟ ಎತ್ತಿದರು, ಇಟ್ಟರು. ಮಾತ್ರೆ ಬಾಯಿಗೆ ಹಾಕಿಕೊಂಡು, ಗಟಗಟ ಕುಡಿದು, ಮುಖ ಹಿಂಡಿ, "ಬೆಳ್ಳುಳ್ಳಿ ಜೊತೇಲೇ ವಾಸಿಯಾಗಿತ್ತು" ಎಂದರು. ವಿಶಾಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಕಣ್ಣಾರೆ ನೋಡಬೇಕಾದವರು ಅವತ್ತು ಆ ಜಗಲಿಗೆ ಬರಬೇಕಿತ್ತು. ಜನ ಎಂದಿಗಿಂತ ಹೆಚ್ಚೇ ಸೇರಿದ್ದರು, ವೈದ್ಯಕ್ಕಲ್ಲ, ತಮಾಷೆಗೆ. ಸಿದ್ದಪ್ಪನವರು ಶಲ್ಯ ಕೊಡವಿಕೊಂಡು ಕೂತರು.

"ನೋಡ್ರಪ್ಪಾ, ಬರೀ ಬೆಳ್ಳುಳ್ಳಿ ಸಾಲ್ದು. ಅದರ ಜೊತೆ ತಗಳ್ಳಾಕೊಂದು ಅನುಪಾನ ಬೇಕು. ಬೆಳ್ಳುಳ್ಳಿ ಸಾರಲ್ಲಿರ್ಲಿ, ಮಾತ್ರೆ ಡಾಕ್ಟ್ರು ಹೇಳ್ದಂಗೆ ಇರ್ಲಿ. ಸುಮ್ನೆ ಹೇಳ್ತಿಲ್ಲ, ಮೂರು ವರ್ಷ ನನ್ ಮೈಮೇಲೇ ಪರೀಕ್ಷೆ ಮಾಡಿ ಹೇಳ್ತಿದೀನಿ."

"ಅಲ್ಲ ಸಿದ್ದಪ್ಪಣ್ಣಾ, ಮಾತ್ರೆ ತಿಂತಿರೋದು ನಿಮಗೇ ಗೊತ್ತಿರ್ಲಿಲ್ವಲ್ಲ?" ಎಂದ ಓಂಕಾರೇಶ.

"ಗೊತ್ತಿಲ್ದೆ ತಿಂದ್ರೇನೇ ಕಣೋ ನಿಜವಾದ ಪರೀಕ್ಷೆ. ಗೊತ್ತಿದ್ರೆ ಮನ್ಸು ಮೋಸ ಮಾಡ್ತದೆ."

ಒಳಗಿದ್ದ ವಿಶಾಲಾಕ್ಷಮ್ಮ ಹಣೆ ಚಚ್ಚಿಕೊಂಡರು. ಮೂರು ವರ್ಷದ ಭಯ, ಬಸ್ಸಿನ ಓಡಾಟ, ಅಡಗಿಸಿಟ್ಟ ಡಬ್ಬ, ಎಲ್ಲವೂ ಒಂದು ಮಾತಿನಲ್ಲಿ ಯಜಮಾನರ ಸಂಶೋಧನೆಯಾಗಿ ಹೋಗಿತ್ತು. ಹೊಟ್ಟೆ ಉರಿಯಿತು. ಅದಕ್ಕೆ ಬೆಳ್ಳುಳ್ಳಿ ಕಾರಣವಲ್ಲ.

ಜಗಲಿಯ ಮೇಲೆ ಓಂಕಾರೇಶ ಈಗ ನಗುತ್ತಿರಲಿಲ್ಲ. "ನಿಮ್ ಮಿಷನ್ನಲ್ಲಿ ನಂಗೂ ಜಾಸ್ತಿನೇ ತೋರಿಸ್ತಿತ್ತಲ್ಲಣ್ಣಾ. ನೀವು ಬೆಳ್ಳುಳ್ಳಿ ಅಂದ್ರಿ, ತಿಂದೆ. ಇಳಿದಿಲ್ಲ. ಆ ಡಾಕ್ಟ್ರ ಹೆಸರೇನು? ಯಾವ್ಯಾವ ದಿನ ಇರ್ತಾರೆ?"

ಸಿದ್ದಪ್ಪನವರು ಬಾಯಿ ತೆರೆದರು. ಹೆಸರು ನೆನಪಿಗೆ ಬರಲಿಲ್ಲ. ತಮ್ಮನ್ನು ತಾವೇ ಡಿಸ್ಚಾರ್ಜ್ ಮಾಡಿಕೊಂಡವರಿಗೆ ಡಾಕ್ಟರ ಹೆಸರೇಕೆ? ಜಗಲಿ ಕಾಯುತ್ತಿತ್ತು. ಅವರು ಕೆಮ್ಮಿದರು, ಶಲ್ಯ ಸರಿಮಾಡಿಕೊಂಡರು, ಬಾಗಿಲ ಕಡೆ ತಿರುಗಿದರು.

"ವಿಶಾಲಾಕ್ಷೀ."

"ಯಾರನ್ನ ಕರೀತಾವ್ರೆ?" ಎಂದು ಹಿಂದೆ ಕೂತಿದ್ದವನೊಬ್ಬ ಪಿಸುಗುಟ್ಟಿದ.

"ಅವ್ರ ಮನೆಯೋರು ಕಣೋ" ಎಂದಳು ಈಶ್ವರಮ್ಮ, ಮಣಿಕಟ್ಟಿನ ಕಲೆ ಸವರಿಕೊಳ್ಳುತ್ತ.

ಒಳಗೆ ವಿಶಾಲಾಕ್ಷಮ್ಮನಿಗೆ ಕೇಳಿಸಿತ್ತು. ಆದರೆ ಕರೆದ ಕೂಡಲೇ ಓಡಿಹೋಗಲಿಲ್ಲ. ರೊಟ್ಟಿಯ ಕೈಯನ್ನು ನಿಧಾನವಾಗಿ ತೊಳೆದುಕೊಂಡರು, ಒರೆಸಿಕೊಂಡರು, ಸೆರಗು ಸರಿಮಾಡಿಕೊಂಡರು. ಜಗಲಿಯ ಮೇಲೆ ಸಿದ್ದಪ್ಪನವರು ಇನ್ನೊಮ್ಮೆ ಕರೆದರು, ಈ ಸಲ ಸ್ವಲ್ಪ ಮೆತ್ತಗೆ.

"ವಿಶಾಲಾಕ್ಷೀ, ಬಾರೇ. ನೀನೇ ಹೇಳು ಇವ್ರಿಗೆ."

ಅವರು ಹೊರಗೆ ಬಂದರು. ಜಗಲಿಯ ಮೇಲೆ ಇಬ್ಬರು ಸರಿದು ಜಾಗ ಮಾಡಿಕೊಟ್ಟರು.